ಹೆಗಲ ಮೇಲಿನ ಚುಕ್ಕೆ

ನಾನು ಒಂದು ಸಿಕ್ಕಾ. ಆಫೀಸಿನವರು ರಬ್ಬರ್ ಸ್ಟ್ಯಾಂಪು ಎನ್ನುತ್ತಾರೆ, ಓದಿಕೊಂಡವರು ಮೊಹರು ಎನ್ನುತ್ತಾರೆ. ನನ್ನಂಥದು ಇಡೀ ಏಷ್ಯಾ ಖಂಡದಲ್ಲಿ ಇನ್ನೊಂದಿಲ್ಲ. ಚೀನಾದ ಚಕ್ರವರ್ತಿಗಳ ಹಸಿರು ಕಲ್ಲಿನ ಮೊಹರುಗಳು ನನ್ನ ಮುಂದೆ ಮಕ್ಕಳು ಬಣ್ಣದಲ್ಲಿ ಅದ್ದಿ ಒತ್ತುವ ಬೆಂಡೆಕಾಯಿ ತುಂಡುಗಳು. ನನ್ನನ್ನು ಒಮ್ಮೆ ಒತ್ತಿದರೆ ಕಾಗದ, ಕಾಗದದ ಕೆಳಗಿನ ಮೇಜು, ಮೇಜಿನ ಕೆಳಗಿನ ನೆಲ, ನೆಲದೊಳಗಿನ ಇರುವೆಗೂಡು, ಎಲ್ಲದರ ಮೇಲೂ ಅಚ್ಚು ಬೀಳುತ್ತದೆ.

ಹೀಗೆ ಕೊಚ್ಚಿಕೊಳ್ಳುವುದು ನನ್ನ ಹುಟ್ಟುಗುಣ. ಹೇಳಲು ನಾಚಿಕೆಯಾಗುವ ಮಾತೊಂದು ಎದುರಿಗೆ ಬಂದು ಕುಳಿತಾಗ ಅದು ಇನ್ನೂ ಹೆಚ್ಚಾಗುತ್ತದೆ. ಸ್ವಲ್ಪ ಸಹಿಸಿಕೊಳ್ಳಿ. ಆ ಮಾತಿಗೂ ಬರುತ್ತೇನೆ.

ನಾನು ಹುಟ್ಟಿದ್ದು ಗದಗಿನಲ್ಲಿ, ಚನ್ನವೀರಪ್ಪ ದೊಡ್ಡಮನಿಯವರ ಅಂಗಡಿಯಲ್ಲಿ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಚಿಕ್ಕ ಅಂಗಡಿ. ನಾನು ಅದನ್ನು ಅರಮನೆ ಎಂದೇ ಹೇಳಿಕೊಂಡು ಬಂದಿದ್ದೇನೆ. ಮೂವತ್ತು ವರ್ಷಗಳಿಂದ ಅವರು ಸಿಕ್ಕಾ ಮಾಡುತ್ತಿದ್ದರು. ಗದಗ, ರೋಣ, ಮುಂಡರಗಿ ತಾಲ್ಲೂಕುಗಳಲ್ಲಿ ಹೆಡ್‌ಮಾಸ್ತರು, ಸೊಸೈಟಿ ಕಾರ್ಯದರ್ಶಿ, ದನದ ಡಾಕ್ಟರು ಯಾರೇ ಸಹಿ ಮಾಡಲಿ, ಸಹಿಯ ಕೆಳಗೆ ಬೀಳುವ ನೇರಳೆ ಅಕ್ಷರ ಅವರದೇ. ಕನ್ನಡ, ಇಂಗ್ಲಿಷು, ಮರಾಠಿ ಮೂರನ್ನೂ ಅವರು ಉಲ್ಟಾ ಓದುತ್ತಿದ್ದರು. ದಿನಪತ್ರಿಕೆಯನ್ನು ಕನ್ನಡಿಗೆ ಹಿಡಿದರೇನೇ ಅವರಿಗೆ ಓದಲು ಸಲೀಸು ಎಂದರೆ ನೀವು ನಂಬಬೇಡಿ. ಆದರೆ ಅದು ಪೂರ್ತಿ ಸುಳ್ಳೂ ಅಲ್ಲ. ಅವರ ಬೆರಳ ತುದಿಗಳು ಮಾತ್ರ ಎಷ್ಟು ತೊಳೆದರೂ ನೇರಳೆಯಾಗಿಯೇ ಇರುತ್ತಿದ್ದವು.

ಅವರಿಗೊಂದು ಪದ್ಧತಿಯಿತ್ತು. ಯಾರ ಸಿಕ್ಕಾ ಆಗಲಿ, ಮೊದಲನೆಯ ಅಕ್ಷರದ ಬಲಹೆಗಲಿನ ಮೇಲೆ ಬೀಳುವಂತೆ ಸಾಸಿವೆಯಷ್ಟು ಚುಕ್ಕೆಯೊಂದನ್ನು ಉಳಿಸಿಬಿಡುತ್ತಿದ್ದರು. ಗೊತ್ತಿಲ್ಲದವರಿಗೆ ಅದು ಮಸಿಯ ಹನಿ. ಎಲ್ಲಿಯಾದರೂ ಖೊಟ್ಟಿ, ಅಂದರೆ ನಕಲಿ, ಸಿಕ್ಕಾ ಸಿಕ್ಕಿ ಪೊಲೀಸರು ಅಂಗಡಿಗೆ ಬಂದರೆ ಚನ್ನವೀರಪ್ಪನವರು ತಲೆ ಎತ್ತದೆ ಹೇಳುತ್ತಿದ್ದರು:

"ಚುಕ್ಕಿ ಐತೇನ್ ನೋಡ್ರಿ. ಇದ್ರ ನಂದು. ಇಲ್ಲಂದ್ರ ನಂದಲ್ಲ."

ಅವರ ಒಬ್ಬಳೇ ಮಗಳು ಸುವರ್ಣಾ. ಅವಳು ಗದಗಿನಿಂದ ಎರಡು ರೈಲು ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆ ಮತ್ತು ಸಂಸ್ಕೃತಿ ಓದುತ್ತಿದ್ದಳು. ಬೀಗರಲ್ಲಿ, ಬಳಗದಲ್ಲಿ ಬಿ.ಎಡ್. ಇತ್ತು, ನರ್ಸಿಂಗ್ ಇತ್ತು. ಚೀನಾ ಯಾರದೂ ಇರಲಿಲ್ಲ. ಅವಳ ಸೋದರಮಾವ ಶೇಖಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅವಳು ರಜೆಗೆ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದ:

"ಚೀನಾ ಕಲ್ತು ಏನ್ ಮಾಡ್ತೀಯವಾ? ಗೋಬಿ ಮಂಚೂರಿ ಗಾಡಿ ಹಾಕ್ತೀಯೇನು? ಹಾಕೂದಿದ್ರ ಹೇಳು, ಬಸ್‌ಸ್ಟ್ಯಾಂಡಿನ ಕಡೆ ಜಾಗ ನೋಡ್ತೀನಿ."

"ಮಾಮಾ, ಮಂಚೂರಿ ಅಲ್ಲಿ ಯಾರಿಗೂ ಗೊತ್ತಿಲ್ರಿ. ಅದು ನಮ್ದ."

"ಅದೂ ಇಲ್ಲಂದ ಮ್ಯಾಲೆ ಅಲ್ಲೇನೈತಿ ಕಲೀಲಿಕ್ಕೆ?"

ಚನ್ನವೀರಪ್ಪನವರು ನಗುತ್ತಿರಲಿಲ್ಲ, ವಾದಿಸುತ್ತಲೂ ಇರಲಿಲ್ಲ. ಒಂದು ರಜೆಯಲ್ಲಿ ಅವರು ಮಗಳ ಮುಂದೆ ಹಳೆಯ ಬಿಲ್ ಪುಸ್ತಕದ ರಟ್ಟು ಇಟ್ಟು, "ನಮ್ಮ ಅಡ್ಡಹೆಸರು ಹೆಂಗ್ ಬರೀತಾರ, ಬರದು ತೋರ್ಸು" ಎಂದರು. ನಾನಾಗ ಇನ್ನೂ ಬೋಳು ರಬ್ಬರ್ ಹಾಳೆ. ಪಕ್ಕದಲ್ಲೇ ಮಲಗಿ ಎಲ್ಲ ಕೇಳಿಸಿಕೊಂಡೆ.

ಅವಳು ಎರಡು ಅಕ್ಷರ ಬರೆದಳು. ಮೊದಲನೆಯದು ಕೈ ಚಾಚಿ, ಕಾಲು ಅಗಲಿಸಿ ನಿಂತ ಮನುಷ್ಯನ ಹಾಗೆ. ಅದು 'ದೊಡ್ಡ'. ಎರಡನೆಯದಕ್ಕೆ ಮೇಲೆ ಸೂರು, ಸೂರಿನ ನೆತ್ತಿಯಲ್ಲಿ ಒಂದು ಚುಕ್ಕೆ, ಸೂರಿನ ಕೆಳಗೆ ಒಂದು ಹಂದಿ. ಅದು 'ಮನೆ'.

"ಹಂದಿ ಯಾಕವಾ?"

"ಹಿಂದಕ ಅವರ ಮನ್ಯಾಗ ಸಾಕತಿದ್ರಂತ್ರಿ. ಹಂದಿ ಇದ್ರನ ಮನಿ."

"ಇರ್ಲಿ. ಅವರ ಮನಿ, ಅವರ ಹಂದಿ."

ಎರಡೂ ಸೇರಿದರೆ 'ದಾಜಿಯಾ'. ದೊಡ್ಡಮನಿ. ಆದರೆ ಚೀನೀ ಮಾತಿನಲ್ಲಿ ದಾಜಿಯಾ ಎಂದರೆ 'ಎಲ್ಲರೂ' ಎಂಬ ಅರ್ಥ. ಮೇಷ್ಟ್ರು ಕ್ಲಾಸಿಗೆ ಬಂದು ಎಲ್ಲರಿಗೂ ನಮಸ್ಕಾರ ಅಂದಾಗಲೆಲ್ಲ ತನ್ನೊಬ್ಬಳನ್ನೇ ಕರೆದಂತಾಗುತ್ತದೆ ಎಂದು ಅವಳು ಹೇಳಿದಾಗ ಅವರ ಮುಖ ಅರಳಿತು. ಚೀನಾದವರೆಲ್ಲ ದಿನ ಬೆಳಗಾದರೆ ತಮ್ಮ ಅಡ್ಡಹೆಸರು ಹೇಳುತ್ತಾರೆಂದು ಅವರು ಮರುದಿನವೇ ಶೇಖಪ್ಪನಿಗೆ ತಿಳಿಸಿದರು.

"ಮತ್ತ ಅಪ್ಪಗ ಏನಂತಾರ?"

"ಬಾಬಾ ಅಂತಾರ್ರಿ."

"ಬಾಬಾ," ಎಂದು ಅವರು ಎರಡು ಸಲ ಅಂದು ನೋಡಿದರು. "ಸಾಧುಗಳನ್ನ ಕರದಂಗ ಆತಲ್ಲ."

ಅವಳು ಹೋದ ಮೇಲೆ ಅವರು ಆ ರಟ್ಟನ್ನು ಗೋಡೆಗೆ ಒರಗಿಸಿಕೊಂಡು ಕುಳಿತರು. ಅಂಗಡಿಯ ಕಂಪ್ಯೂಟರಿಗೆ ಚೀನೀ ಅಕ್ಷರ ಗೊತ್ತಿರಲಿಲ್ಲ. ಟೈಪು ಹೊಡೆದಾಗಲೆಲ್ಲ ಎರಡು ಖಾಲಿ ಡಬ್ಬಿ ತೋರಿಸುತ್ತಿತ್ತು. ಬೇರೆ ದಾರಿಯಿಲ್ಲದೆ ಬ್ಲೇಡು ಹಿಡಿದು ನನ್ನನ್ನು ಕೈಯಲ್ಲೇ ಕೆತ್ತಿದರು. ಒಂದು ಸಾವಿರ ರಬ್ಬರ್ ಹಾಳೆ ಹಾಳಾದವು. ಸರಿ, ಹನ್ನೊಂದು. ಹನ್ನೆರಡನೆಯದು ನಾನು. ಮೈಮೇಲೆ ಅಕ್ಷರ ಮೂಡಿದ ಗಳಿಗೆಯಲ್ಲೇ ನನಗೆ ಚೀನೀ ಭಾಷೆ ಪೂರಾ ಬಂದುಬಿಟ್ಟಿತು. ಸುವರ್ಣಾ ಎರಡು ವರ್ಷ ಒದ್ದಾಡಿದ್ದನ್ನು ನಾನು ಎರಡು ನಿಮಿಷದಲ್ಲಿ ಮುಗಿಸಿದೆ.

ಕೊನೆಗೆ ಅವರು ಕನ್ನಡಕ ಒರೆಸಿಕೊಂಡು, ಉಸಿರು ಬಿಗಿಹಿಡಿದು, ಮೊದಲನೆಯ ಅಕ್ಷರದ ಹೆಗಲಿನ ಬಳಿ ತಮ್ಮ ಚುಕ್ಕೆ ಉಳಿಸಿದರು. ಎಷ್ಟು ದುಂಡಗಿತ್ತು ಅದು. ನಾನು ಅದನ್ನು ಹಣೆಯ ಬೊಟ್ಟಿನಂತೆ ಮೆರೆಸಿದೆ. ಡ್ರಾಯರಿನಲ್ಲಿದ್ದ ತಹಶೀಲ್ದಾರರ ಸಿಕ್ಕಾವನ್ನೂ ಮಾತಾಡಿಸಲಿಲ್ಲ.

ಈಗ ನಾಚಿಕೆಯ ಮಾತು. ಕೈ ಚಾಚಿ ನಿಂತ ಆ ಮನುಷ್ಯನ ಬಲಹೆಗಲಿನ ಮೇಲೆ ಒಂದು ಚುಕ್ಕೆ ಇಟ್ಟರೆ ಅದು 'ದೊಡ್ಡ' ಆಗಿ ಉಳಿಯುವುದಿಲ್ಲ. 'ನಾಯಿ' ಆಗುತ್ತದೆ. ನಾನು ನಾಯಿಮನಿ. ಭಾಷೆ ಪೂರಾ ಬಂದಿದ್ದ ನನಗೆ ಇದು ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು ಎಂದರೆ ದ್ರೋಹಿಯಾಗುತ್ತೇನೆ, ಇಲ್ಲ ಎಂದರೆ ದಡ್ಡನಾಗುತ್ತೇನೆ. ಯಾವುದನ್ನು ಒಪ್ಪಿಕೊಳ್ಳಲಿ ಎಂದು ಈಗಲೂ ತಿಳಿಯುತ್ತಿಲ್ಲ.

ತೈವಾನಿನಲ್ಲಿ ಒಂದು ವರ್ಷ ಓದಲು ಸುವರ್ಣಾಳ ಕ್ಲಾಸಿನಲ್ಲಿ ಒಬ್ಬರಿಗೆ ಮಾತ್ರ ವಿದ್ಯಾರ್ಥಿವೇತನ ಇತ್ತು. ಅದು ಸಿಗದಿದ್ದರೆ ಆ ವರ್ಷವೇ ಓದು ನಿಲ್ಲಿಸಿ ಬಿ.ಎಡ್. ಸೇರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸಂದರ್ಶನದ ದಿನ ಚನ್ನವೀರಪ್ಪನವರು ಹೇಳದೆ ಕೇಳದೆ ಎರಡು ರೈಲು ಹತ್ತಿ ಬಂದು, ಅವಳು ಕೈಬರಹದ ಪ್ರಬಂಧ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದಾಗ ನನ್ನನ್ನು ಅವಳ ಅಂಗೈಯಲ್ಲಿಟ್ಟರು. ಕೆಂಪು ಮಸಿಯ ಪ್ಯಾಡನ್ನೂ ತಂದಿದ್ದರು. ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕರೆದರು. ಅವಳು ಮೊದಲ ಪುಟದ ಮೇಲೆ ನನ್ನನ್ನು ಒತ್ತಿ, ನೋಡದೆಯೇ ಒಳಗೆ ನಡೆದಳು.

ನಾನು ಮನಸ್ಸು ಮಾಡಿದ್ದರೆ ಆ ಚುಕ್ಕೆಯನ್ನು ಮಸುಕಾಗಿಸಬಹುದಿತ್ತು. ಹೊಸ ರಬ್ಬರು ಒಂದು ಕಡೆ ಮಸಿ ಹಿಡಿಯದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಮೆರೆಯುವ ಚಪಲ. ಉಳಿದ ಗೆರೆಗಳಿಗಿಂತ ಅದನ್ನೇ ಸ್ಪಷ್ಟವಾಗಿ ಮೂಡಿಸಿದೆ.

ಸೆಕೆಗೆ ಬಾಗಿಲು ತೆರೆದೇ ಇತ್ತು. ಎದುರಿನ ಬೆಂಚಿನ ಮೇಲೆ ಚನ್ನವೀರಪ್ಪನವರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಒಳಗೆ ಮೂವರು. ನಡುವಿನವರು ತೈವಾನಿನಿಂದ ಬಂದಿದ್ದ ಲಿನ್ ಮೇಡಂ, ಹತ್ತಿಯಂಥ ಬಿಳಿ ಕೂದಲು. ಮಾತೆಲ್ಲ ಚೀನೀ ಭಾಷೆಯಲ್ಲೇ. ಪುಟ ನೋಡಿ ಅವರು ಕೇಳಿದರು, "ಇದು ನಿನ್ನ ಹೆಸರೇ?"

"ಹೌದು. ದೊಡ್ಡ ಮನೆ ಎಂದು."

"ನಾಯಿ ಮನೆ ಎಂದಿದೆಯಲ್ಲ."

ಪಕ್ಕದ ಮೇಷ್ಟ್ರು ಬಗ್ಗಿ ನೋಡಿದರು. "ಸೂರಿನ ಕೆಳಗೆ ಹಂದಿ ಇದ್ದೇ ಇತ್ತು, ಬಾಗಿಲಿಗೆ ನಾಯಿಯೂ ಬಂತು. ನೀನು ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಬೇಕಿತ್ತು."

ಇನ್ನೊಬ್ಬರು ನಕ್ಕರು. ಸುವರ್ಣಾಳ ಅಂಗೈ ಬೆವರಿ ನಾನು ಜಾರಿದೆ. ಅವಳು ಇನ್ನೂ ಬಿಗಿಯಾಗಿ ಹಿಡಿದಳು.

"ಯಾರು ಮಾಡಿದ್ದು?" ಲಿನ್ ಮೇಡಂ ಕೇಳಿದರು.

ಅವಳು ಒಂದು ಕ್ಷಣ ಬಾಗಿಲ ಕಡೆ ನೋಡಿದಳು. ಆಮೇಲೆ ಏರಿಳಿಯುವ ಸ್ವರಗಳಲ್ಲಿ ಒಂದೂ ತಪ್ಪಿಲ್ಲದ, ವ್ಯಾಕರಣದಲ್ಲಿ ಎಳ್ಳಷ್ಟೂ ಕುಂದಿಲ್ಲದ ಚೀನೀ ಭಾಷೆಯಲ್ಲಿ ಹೇಳಿದಳು:

"ಪೇಟೆಯಲ್ಲಿ ಯಾರೋ ಒಬ್ಬರು. ಓದು ಬರಹ ಬಾರದವರು. ನನಗೆ ಅವರ ಪರಿಚಯವಿಲ್ಲ."

ಬೆಂಚಿನ ಮೇಲೆ ಚನ್ನವೀರಪ್ಪನವರು ಪ್ರತಿ ವಾಕ್ಯಕ್ಕೂ ತಲೆದೂಗುತ್ತಿದ್ದರು. ಮಗಳ ಬಾಯಿಂದ ಇಷ್ಟುದ್ದದ ಚೀನಾ ಮಾತನ್ನು ಅವರು ಕೇಳಿದ್ದು ಅದೇ ಮೊದಲು.

ಲಿನ್ ಮೇಡಂ ಬಾಗಿಲಾಚೆ ನೋಡಿದರು. ಕೈಚೀಲದ ಮೇಲಿದ್ದ ಆ ಹತ್ತು ನೇರಳೆ ಬೆರಳುಗಳ ಮೇಲೆ ಅವರ ಕಣ್ಣು ನಿಂತಿತು. "ಅವರ ಕೈ ಬಹಳ ಚೆನ್ನಾಗಿದೆ," ಎಂದರು. "ಒತ್ತುವ ಮೊದಲು ಓದಬೇಕಾಗಿದ್ದವಳು ನೀನು." ಬಳಿಕ ಪ್ರಬಂಧದ ಮೇಲೆ ಪ್ರಶ್ನೆ ಕೇಳತೊಡಗಿದರು. ಸುವರ್ಣಾ ಎಲ್ಲಕ್ಕೂ ಸರಿಯಾಗಿ ಉತ್ತರಿಸಿದಳು.

ಹೊರಗೆ ಬಂದಾಗ ತಂದೆ ಎದ್ದು ನಿಂತರು. "ಏನಂದ್ರವಾ, ಸಿಕ್ಕಾ ನೋಡಿ?"

"ಕೈ ಭಾಳ ಛಲೋ ಐತಿ ಅಂದ್ರು."

"ನೀ ಏನಂದಿ?"

"ಹೌದು ಅಂದ್ನಿ."

ಅವರು ಇನ್ನೇನೋ ಬರುತ್ತದೆಂದು ಸ್ವಲ್ಪ ಹೊತ್ತು ಕಾದರು. "ಹಂಗನ," ಎಂದರು. "ಬಾ, ಚಾ ಕುಡಿಯೂಣು."

ವಿದ್ಯಾರ್ಥಿವೇತನ ಅವಳಿಗೇ ಸಿಕ್ಕಿತು. ಸಮುದ್ರ ದಾಟಿದ ಗದಗಿನ ಮೊದಲ ಸಿಕ್ಕಾ ನಾನು. ತೈವಾನಿನ ಬೆಟ್ಟ, ದೇವಸ್ಥಾನ, ಸಂತೆ ಎಲ್ಲ ನೋಡಿದೆ ಎಂದು ಹೇಳಿಕೊಳ್ಳಬಹುದು. ನಿಜವೆಂದರೆ ಆ ಇಡೀ ವರ್ಷ ನಾನು ಅವಳ ಪೆಟ್ಟಿಗೆಯ ತಳದಲ್ಲಿ ಒಂದು ಉಣ್ಣೆಯ ಕಾಲುಚೀಲದೊಳಗಿದ್ದೆ. ಅವಳು ಒಮ್ಮೆಯೂ ನನ್ನನ್ನು ಹೊರಗೆ ತೆಗೆಯಲಿಲ್ಲ. ಒಮ್ಮೆ ಮಾತ್ರ ಕಾಲುಚೀಲದ ಮೇಲಿಂದಲೇ ನನ್ನನ್ನು ಮುಟ್ಟಿ, ಮತ್ತೆ ಒಳಗೆ ತಳ್ಳಿದಳು. ಅವತ್ತು ಅವಳು ಫೋನಿನಲ್ಲಿ ತಂದೆಯ ಜೊತೆ ಮಾತಾಡಿ ಮುಗಿಸಿದ್ದಳಷ್ಟೆ.

ವರ್ಷ ಕಳೆದು ಗದಗಿಗೆ ಬಂದು ಅಂಗಡಿಯ ಮುಂದೆ ರಿಕ್ಷಾ ಇಳಿದವಳು ಅಲ್ಲೇ ನಿಂತುಬಿಟ್ಟಳು. ಹೊಸ ಬೋರ್ಡು. ಮೇಲೆ ಕನ್ನಡದಲ್ಲಿ 'ದೊಡ್ಡಮನಿ ರಬ್ಬರ್ ಸ್ಟ್ಯಾಂಪ್ಸ್'. ಅದರ ಕೆಳಗೆ ಕೆಂಪು ಬಣ್ಣದಲ್ಲಿ, ಒಂದೊಂದು ಅಕ್ಷರವೂ ಒಂದು ಮೊಳ ಎತ್ತರಕ್ಕೆ, ನಾನು. ಚುಕ್ಕೆ ಜೋಳದ ರೊಟ್ಟಿಯಷ್ಟಿತ್ತು. ರೊಟ್ಟಿಯಷ್ಟಲ್ಲ, ಲಿಂಬೆಹಣ್ಣಿನಷ್ಟು. ಇಲ್ಲಿ ಉತ್ಪ್ರೇಕ್ಷೆ ಮಾಡುವ ಮನಸ್ಸಿಲ್ಲ.

"ನೋಡವಾ, ನಿಮ್ಮಪ್ಪ ಬೀಜಿಂಗದಾಗ ಬ್ರಾಂಚ್ ತಗೀತಾನಂತ," ಎಂದ ಮೆಟ್ಟಿಲ ಮೇಲಿದ್ದ ಶೇಖಪ್ಪ. ಅವಳು ನಗದೆ ಇದ್ದುದನ್ನು ನೋಡಿ, ಚಾ ಹೇಳಿ ಬರುತ್ತೇನೆಂದು ಎದ್ದು ಹೋದ.

ಅವಳು ಕಾಲುಚೀಲದಿಂದ ನನ್ನನ್ನು ತೆಗೆದು ತಂದೆಯ ಮುಂದಿಟ್ಟಳು. ಚುಕ್ಕೆಯ ವಿಷಯ ಹೇಳಿದಳು. ಅವರು ನನ್ನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬೋರ್ಡಿನ ಕಡೆ ಕತ್ತೆತ್ತಲಿಲ್ಲ.

"ಇಷ್ಟ ಚುಕ್ಕಿಗೆ ನಾಯಿ ಆಗ್ತೈತಿ?"

"ಆಗ್ತೈತ್ರಿ."

"ಆವತ್ತ ಹೇಳಬೇಕಿಲ್ಲ?"

ಅವಳು ತಲೆ ತಗ್ಗಿಸಿದಳು. "ಅಪ್ಪಾ, ಆವತ್ತ ಅವರು ಯಾರು ಮಾಡಿದ್ದಂತ ಕೇಳಿದ್ರು. ನಾನು…"

"ಗೊತ್ತೈತಿ ಬಿಡವಾ."

"ಏನ್ ಗೊತ್ತೈತ್ರಿ? ನಾವು ಚೀನಾದಾಗ ಮಾತಾಡಿದ್ವಿ."

ಅವರು ಡ್ರಾಯರು ಎಳೆದು ಬ್ಲೇಡು ಹುಡುಕತೊಡಗಿದರು. "ಅಡ್ಡಹೆಸರು ಬಿಟ್ರ ನನಗ ಚೀನಾದಾಗ ಬರೂದು ಒಂದ ಶಬ್ದ, ಅಪ್ಪಗ ಅನ್ನೂದು. ಆವತ್ತ ಬೆಂಚಿನ ಮ್ಯಾಲೆ ಅದನ್ನ ಕಾಯ್ಕೊಂತ ಕುಂತಿದ್ನಿ. ನೀ ಭಾಳ ಮಾತಾಡಿದಿ. ಅದೊಂದು ಬರಲಿಲ್ಲ."

ಅವರ ಕೈ ಇನ್ನೂ ಡ್ರಾಯರಿನಲ್ಲೇ ಆಡುತ್ತಿತ್ತು.

"ಸಣ್ಣವಳು, ಅಂಜಿರ್ತಾಳ ಅಂದ್ಕೊಂಡ್ನಿ. ನೀ ಹೇಳ್ಲಿಲ್ಲಂದ್ರ ಬೋರ್ಡಾದ್ರೂ ಇದು ನಂದಂತ ಹೇಳ್ಲಿ ಅಂತ ಬರಿಸಿದ್ನಿ."

ಬ್ಲೇಡು ಸಿಕ್ಕಿತು. ಅವರು ಕನ್ನಡಕ ಒರೆಸಿಕೊಂಡು ನನ್ನನ್ನು ಮೇಜಿನ ಅಂಚಿಗೆ ಹಿಡಿದರು. ಅವಳು ಅವರ ಕೈ ಹಿಡಿದಳು. "ತಗೀಬ್ಯಾಡ್ರಿ. ಮನಿ ಅನ್ನೂ ಅಕ್ಷರದ ನೆತ್ತಿ ಮ್ಯಾಲೆ ಒಂದು ಚುಕ್ಕಿ ಐತಲ್ರಿ, ಅದು ಇರ್ಲಿಲ್ಲಂದ್ರ ಅದು ಮನೀನ ಅಲ್ಲ. ಅದು ನಿಮ್ದ ಅಂದ್ಕೋರಿ."

"ಅದನ್ನ ಚೀನಾದವರು ಇಟ್ಟಾರ," ಎಂದರು ಅವರು, ಸಿಟ್ಟಿಲ್ಲದೆ. "ನಾ ಇಟ್ಟದ್ದು ಇದು."

ಬ್ಲೇಡು ಒಮ್ಮೆ ಆಡಿತು. ಚುಕ್ಕೆ ಮೇಜಿನ ಮೇಲೆ ಬಿತ್ತು. ಅವರು ಊದಿದರು.

ನನಗೆ ನೋವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಆ ಸಂಜೆ ಸ್ಟೂಲು ಹತ್ತಿ ಬೋರ್ಡಿನ ಚುಕ್ಕೆಯನ್ನೂ ಅವರೇ ಕೆರೆದರು. ಈಗ ಆ ಜಾಗದಲ್ಲಿ ಒಂದು ಬಿಳಿ ಕಲೆಯಿದೆ. ಶೇಖಪ್ಪ ಅದೇನೆಂದು ಒಮ್ಮೆ ಕೇಳಿದ. ಹಕ್ಕಿ ಹೊಲಸು ಮಾಡಿದೆ ಎಂದರಂತೆ.

ಇದೆಲ್ಲ ಆಗಿ ಬಹಳ ವರ್ಷವಾಯಿತು. ನನ್ನ ರಬ್ಬರು ಗಟ್ಟಿಯಾಗಿ ಅಂಚು ಬಿರಿದಿದೆ, ಹಿಡಿಕೆಯ ಮೆರುಗು ಹೋಗಿದೆ. ಸುವರ್ಣಾ ಈಗ ಬೇರೊಂದು ದೂರದ ಊರಿನ ಕಾಲೇಜಿನಲ್ಲಿ ಚೀನೀ ಭಾಷೆ ಕಲಿಸುತ್ತಾಳೆ. ನಾನು ಅವಳ ಮೇಜಿನ ಮೂಲೆಯಲ್ಲಿ, ಸುಣ್ಣದ ಕಡ್ಡಿಗಳ ಡಬ್ಬಿಯಲ್ಲಿ ಇರುತ್ತೇನೆ. ನನ್ನ ಅಕ್ಷರದಲ್ಲಿ ಯಾರೂ ತಪ್ಪು ಹುಡುಕಲಾರರು. ಚೀನಾದ ಯಾವ ಪಂಡಿತರು ಬಂದರೂ ದೊಡ್ಡ ಮನೆ ಎಂದೇ ಓದುತ್ತಾರೆ. ಆದರೆ ಗದಗಿನ ಆ ಅಂಗಡಿಯ ಲೆಕ್ಕದಲ್ಲಿ, ಚುಕ್ಕೆಯಿಲ್ಲದ ಸಿಕ್ಕಾ ಅವರದಲ್ಲ. ನಾನು ಖೊಟ್ಟಿ.

ವಿದ್ಯಾರ್ಥಿಗಳ ಪುಸ್ತಕದ ಮೇಲೆ ನನ್ನನ್ನು ಒತ್ತಿದ ಮೇಲೆ ಅವಳು ಪೆನ್ನು ತೆಗೆದು, ಅಕ್ಷರಗಳಿಂದ ದೂರ, ಹಾಳೆಯ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತಾಳೆ. ಹೊಸದಾಗಿ ಸೇರಿದವರು ಇದೇನೆಂದು ಕೇಳುತ್ತಾರೆ. ಅವಳು ಚೀನೀ ಭಾಷೆಯಲ್ಲಿ ಒಂದು ಸಣ್ಣ ವಾಕ್ಯ ಹೇಳುತ್ತಾಳೆ, ಮೊದಲ ವರ್ಷದವರಿಗೂ ಅರ್ಥವಾಗುವಂಥದು. ಅದರಲ್ಲಿ ಬಾಬಾ ಎಂಬ ಶಬ್ದ ಇರುತ್ತದೆ. ಸ್ವರ ಸ್ವಲ್ಪವೂ ತಪ್ಪುವುದಿಲ್ಲ. ಮಕ್ಕಳು ಬರೆದುಕೊಳ್ಳುತ್ತಾರೆ. ಅದನ್ನು ಕಾಯುತ್ತ ಕುಳಿತಿದ್ದವರು ಮಾತ್ರ ಆ ಕ್ಲಾಸಿನಲ್ಲಿ ಇರುವುದಿಲ್ಲ.