ನಡುವಿನಿಂದ ನಡುವಿಗೆ

ಜಾರುಬಂಡೆ, ಏಣಿ, ಹಗ್ಗದ ಬಲೆ, ತೂಗುಸೇತುವೆ ಎಲ್ಲವೂ ಒಂದೇ ಚೌಕಟ್ಟಿಗೆ ಕೂಡಿಕೊಂಡಿರುವ ಆಟದ ಸಾಮಾನಿಗೆ ಅವರ ಕಾರ್ಖಾನೆಯಲ್ಲಿ ‘ಸಂಸಾರ’ ಎಂದು ಹೆಸರು. ಯಜಮಾನರಾದ ಮಾವ ಯಾವಾಗಲೋ ತಮಾಷೆಗೆ ಇಟ್ಟದ್ದು. ಒಂದೇ ಸೂರಿನ ಕೆಳಗೆ ಇಷ್ಟು ಜನ, ಒಬ್ಬರ ಕಾಲು ಇನ್ನೊಬ್ಬರಿಗೆ ತಾಗಬಾರದು, ಇದನ್ನು ಸಂಸಾರ ಅನ್ನದೆ ಇನ್ನೇನು ಅನ್ನೋದು ಎಂದಿದ್ದರಂತೆ. ಆಮೇಲೆ ಗಿರಾಕಿಗಳೂ ಅದನ್ನೇ ಹಿಡಿದುಕೊಂಡರು. “ನಿಮ್ಮ ಸಂಸಾರ ಒಂದು ಕಡೆ ವಾಲ್ತಾ ಇದೆ, ಯಾರನ್ನಾದ್ರೂ ಕಳಿಸಿ” ಎಂದು ಫೋನ್ ಬಂದರೆ ಈಗ ಯಾರೂ ನಗುವುದಿಲ್ಲ. ವೆಲ್ಡರ್ ಚೀಲ ಎತ್ತಿಕೊಂಡು ಹೊರಡುತ್ತಾನೆ.

ಈ ಸಂಸಾರಗಳ ನಕ್ಷೆ ಬರೆಯುತ್ತಿದ್ದವಳು ದೊಡ್ಡ ಸೊಸೆ. ಕಾಲೇಜಿನಲ್ಲಿ ಅದನ್ನೇ ಓದಿ ಬಂದವಳು. ಮದುವೆಯಾದ ವರ್ಷವೇ ಮಾವ ಶೆಡ್ಡಿನ ಕಿಟಕಿ ಪಕ್ಕ ಅವಳಿಗೊಂದು ಅಗಲವಾದ ಮೇಜು ಹಾಕಿಸಿಕೊಟ್ಟಿದ್ದರು. “ದೊಡ್ಡವಳ ಕಣ್ಣು ತಪ್ಪಿಸಿ ಒಂದು ಬೋಲ್ಟೂ ಆಚೆ ಹೋಗಲ್ಲ” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅವಳು ತಲೆ ತಗ್ಗಿಸಿ ಗೆರೆ ಎಳೆಯುತ್ತಿರುವಂತೆ ಕಂಡರೂ ಕೊನೆಯ ಅಕ್ಷರದವರೆಗೂ ಕೇಳಿಸಿಕೊಳ್ಳುತ್ತಿದ್ದಳು.

ಚಿಕ್ಕವಳು ಮೈದುನನ ಹೆಂಡತಿ. ಶಿಶುವಿಹಾರದಲ್ಲಿ ಟೀಚರಾಗಿದ್ದವಳು, ಮದುವೆಯ ಮೇಲೆ ಕೆಲಸ ಬಿಟ್ಟಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಶೆಡ್ಡಿಗೆ ಬರತೊಡಗಿದಳು. ಅಂಗಳದಲ್ಲಿ ಪರೀಕ್ಷೆಗೆಂದು ನಿಲ್ಲಿಸಿದ ಹಳೆಯ ಸಂಸಾರವೊಂದಿತ್ತು. ಶಾಲೆ ಬಿಟ್ಟ ಮೇಲೆ ಬೀದಿಯ ಮಕ್ಕಳೆಲ್ಲ ಅಲ್ಲೇ. ಚಿಕ್ಕವಳು ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿಕೊಂಡು ಕೂತು ಅವರನ್ನು ನೋಡುತ್ತಿದ್ದಳು. ಸುಮ್ಮನೆ ನೋಡುವುದೂ ಒಂದು ಕೆಲಸವೇ ಎಂದು ದೊಡ್ಡವಳಿಗೆ ಆಗ ಅನ್ನಿಸಿತ್ತು.

“ಅಕ್ಕ, ಒಂದು ಗಮನಿಸಿದ್ದೀರಾ?” ಎಂದು ಕೇಳಿದಳು ಒಂದು ಸಂಜೆ. “ಮಕ್ಕಳು ಜಾರೋಕೆ ಮೇಲೆ ಹತ್ತುತ್ತಾರೆ, ಸರಿ. ಆದ್ರೆ ಜಾಸ್ತಿ ಹೊತ್ತು ಇರೋದು ಕೆಳಗೆ, ಅಟ್ಟದ ಅಡಿಯಲ್ಲಿ.”

“ಅಲ್ಲೇನಿದೆ? ಅಲ್ಲಿ ನಾನು ಏನೂ ಹಾಕೇ ಇಲ್ಲ.”

“ಅದಕ್ಕೇ.”

ಆ ಒಂದು ಮಾತು ದೊಡ್ಡವಳ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಉಳಿದುಬಿಟ್ಟಿತು. ರಾತ್ರಿ ಊಟಕ್ಕೆ ಕೂತರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಅದೇ ತಿಂಗಳು ದೊಡ್ಡದೊಂದು ಗ್ರಂಥಾಲಯದ ತೋಟಕ್ಕೆ ಸಂಸಾರ ಬೇಕೆಂದು ಕೇಳಿ ಬಂದರು. ಮಾವ ಇಬ್ಬರನ್ನೂ ಕರೆದರು. “ಒಬ್ಬೊಬ್ಬರು ಒಂದೊಂದು ಬರೀರಿ, ನೋಡೋಣ.” ಇಷ್ಟು ವರ್ಷ ಇಲ್ಲದ ‘ಒಬ್ಬೊಬ್ಬರು’ ಈಗ ಎಲ್ಲಿಂದ ಬಂತು ಎಂದುಕೊಳ್ಳುತ್ತ ದೊಡ್ಡವಳು ಹೊಸ ಹಾಳೆ ಹರಡಿದಳು.

ಅವಳು ಹಡಗು ಬರೆದಳು. ಮೂತಿ ಚೂಪು, ನಡುವೆ ಕಂಬ, ತಿರುಗುವ ಚಕ್ರ, ಪಕ್ಕದಲ್ಲಿ ಸುತ್ತಿಕೊಂಡು ಇಳಿಯುವ ಜಾರುಬಂಡೆ. ನೀಲಿ ಬಣ್ಣದಲ್ಲಿ ಮೂರು ಛಾಯೆ. ಚಿಕ್ಕವಳು ಮನೆಯ ಜಗಲಿಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಅಂಟಿಸಿ ಏನೋ ಕಟ್ಟಿದಳು. ಅದಕ್ಕೆ ಆಕಾರವೇ ಇರಲಿಲ್ಲ. ಎರಡು ಅಟ್ಟ, ನಡುವೆ ಸೇತುವೆ, ಕೆಳಗೆ ಒಂದು ಕಟ್ಟೆ, ಗೋಡೆಯಲ್ಲಿ ಕಿಂಡಿ, ಮೇಲಿನವರು ಕೆಳಗಿನವರ ಜೊತೆ ಮಾತಾಡಲು ಒಂದು ಕೊಳವೆ. ದೊಡ್ಡವಳ ಮಗಳು ಆ ರಟ್ಟಿನೊಳಗೆ ಹೊಕ್ಕವಳು ಊಟಕ್ಕೂ ಆಚೆ ಬರಲಿಲ್ಲ. ಕಿಂಡಿಯಲ್ಲಿ ಮೊದಲು ಸುಳ್ಳುಸುಳ್ಳೇ ಅಂಗಡಿ ಇಟ್ಟಳು, ಆಮೇಲೆ ಸುಳ್ಳುಸುಳ್ಳೇ ಆಸ್ಪತ್ರೆ.

“ಬಾ, ಅಮ್ಮ ಬರೆದ ಹಡಗು ತೋರಿಸ್ತೀನಿ.”

ಮಗಳು ಕಿಂಡಿಯಿಂದ ತಲೆ ಹೊರಗೆ ಹಾಕಿ ನಕ್ಷೆಯನ್ನು ಮರ್ಯಾದೆಯಿಂದಲೇ ನೋಡಿದಳು. “ಚೆನ್ನಾಗಿದೆ ಅಮ್ಮ. ಆದ್ರೆ ಇದರಲ್ಲಿ ಹಡಗಾಟ ಒಂದೇ ಆಡಬಹುದು.” ಆಮೇಲೆ ಕೂಗಿದಳು: “ಚಿಕ್ಕಮ್ಮಾ, ಪೇಷಂಟ್ ಬಂದ್ರಾ?”

ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ‘ಚಿಕ್ಕಮ್ಮಾ’ ಎಂದು ಎಳೆದು ಕರೆಯುವ ರಾಗವನ್ನು ದೊಡ್ಡವಳು ಎಷ್ಟೋ ಹೊತ್ತು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಂಡಳು. ‘ಅಮ್ಮ’ ಎನ್ನುವಾಗ ಅಷ್ಟು ಉದ್ದ ಎಳೆಯುತ್ತಿದ್ದಳೇ? ಇಲ್ಲ.

ಮಾವ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಕೊನೆಗೆ ಹೇಳಿದರು: “ದೊಡ್ಡವಳದು ಚೆಂದ ಇದೆ. ಚಿಕ್ಕವಳದರಲ್ಲಿ ಆಟ ಇದೆ.”

ಚೆಂದ ಎನ್ನುವುದು ಬೈಗುಳವೂ ಆಗಬಹುದೆಂದು ಆವತ್ತು ದೊಡ್ಡವಳಿಗೆ ಗೊತ್ತಾಯಿತು.

“ನೀನೊಂದು ಸಲ ಕಣ್ಣಾಡಿಸಿ ವೆಲ್ಡರ್ ಕೈಗೆ ಕೊಟ್ಟುಬಿಡಮ್ಮ” ಎಂದು ಮಾವ ಚಿಕ್ಕವಳು ಆ ರಟ್ಟನ್ನು ನೋಡಿಕೊಂಡು ಬರೆದ ನಕ್ಷೆಯನ್ನು ದೊಡ್ಡವಳ ಮೇಜಿನ ಮೇಲಿಟ್ಟರು. ಅಳತೆ ನೋಡಿ ಸರಿ ಎನ್ನುವ ಕೊನೆಯ ಮಾತು ಇನ್ನೂ ಅವಳದೇ ಆಗಿತ್ತು.

ಅವಳು ಕಣ್ಣಾಡಿಸಿದಳು. ಗೆರೆಗಳು ಅಂಕುಡೊಂಕು, ಆದರೆ ಎಲ್ಲವೂ ಇತ್ತು. ಎರಡನೆಯ ಹಾಳೆಯಲ್ಲಿ, ಮಕ್ಕಳು ಹತ್ತುವ ಅಡ್ಡಕಂಬಿಗಳ ಗೋಡೆಯ ಮೇಲೆ, ಒಂದು ಅಳತೆಗೆ ಬೆರಳು ನಿಂತಿತು. ಕಂಬಿಗೂ ಕಂಬಿಗೂ ನಡುವೆ ಇಪ್ಪತ್ತಾರು ಸೆಂಟಿಮೀಟರ್. ಚಿಕ್ಕವಳು ಬರೆದದ್ದು ಖಾಲಿ ಸಂದಿಯ ಅಳತೆ. ಇಪ್ಪತ್ತಾರರ ಸಂದಿಯಲ್ಲಿ ಮಗುವಿನ ಮೈ ತೂರಿದರೆ ತಲೆಯೂ ತೂರುತ್ತದೆ, ತೊಂದರೆಯಿಲ್ಲ. ಆದರೆ ಈ ಶೆಡ್ಡಿನಲ್ಲಿ ಎರಡು ಕಂಬಿಗಳ ನಡುವಿನ ಅಂಕಿ ಎಂದರೆ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ. ಅದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಕೈಗೆ ಹತ್ತಿದ ರೂಢಿ. ವೆಲ್ಡರ್ ಹಾಗೇ ಓದುತ್ತಾನೆ. ಆಗ ಕಂಬಿಯ ದಪ್ಪ ಸಂದಿಯನ್ನು ತಿನ್ನುತ್ತದೆ. ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ.

ಎರಡೂ ಕಡೆಯ ಭಾಷೆ ಗೊತ್ತಿದ್ದವಳು ಅವಳೊಬ್ಬಳೇ.

ಪೆನ್ಸಿಲ್ ಕೈಯಲ್ಲೇ ಇತ್ತು. ಬಣ್ಣ ಹಚ್ಚುವ ಮೊದಲು ಅಂಗಳದಲ್ಲಿ ಎಲ್ಲ ಸಂದಿಗಳಿಗೂ ಪರೀಕ್ಷೆ ಇದ್ದೇ ಇದೆ, ಅದಕ್ಕೂ ಮೊದಲು ಒಂದು ಮಗುವನ್ನೂ ಹತ್ತಿರ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಖಾತ್ರಿ ಮಾಡಿಕೊಂಡಳು. ಯಾರಿಗೂ ಏನೂ ಆಗುವುದಿಲ್ಲ. ಎಲ್ಲರೆದುರು ಒಂದು ಮುಖ ಸಣ್ಣದಾಗುತ್ತದೆ, ಅಷ್ಟೇ. ಆ ಮುಖವನ್ನು ನೋಡಬೇಕೆನ್ನುವ ಆಸೆ ಎಷ್ಟು ಜೋರಾಗಿತ್ತೆಂದರೆ ಅವಳಿಗೇ ಹೆದರಿಕೆಯಾಯಿತು. ಹಾಳೆಯ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ವೆಲ್ಡರನ ಕೈಗಿಟ್ಟಳು.

ಚೌಕಟ್ಟು ಎದ್ದು ನಿಂತ ದಿನ ವೆಲ್ಡರ್ ಕಪಾಟಿನಿಂದ ಪರೀಕ್ಷೆಯ ಸಾಮಾನು ತಂದ: ಮಗುವಿನ ಮೈಯಷ್ಟು ಅಗಲದ ಹಲಗೆ, ತಲೆಯಷ್ಟು ದಪ್ಪದ ಮರದ ಚೆಂಡು. ಚೆಂಡಿಗೆ ಅವರೆಲ್ಲ ಗುಂಡ ಎನ್ನುತ್ತಿದ್ದರು. ಕಿಂಡಿ ಸರಿ, ಸೇತುವೆ ಸರಿ. ಕಂಬಿಗಳ ಗೋಡೆಯಲ್ಲಿ ಹಲಗೆ ಸಲೀಸಾಗಿ ಒಳಗೆ ಹೋಯಿತು. ಗುಂಡ ಹೋಗಲಿಲ್ಲ.

“ಗುಂಡಪ್ಪನೋರು ಬರಲ್ವಂತೆ” ಎಂದ ವೆಲ್ಡರ್. ಮುಂದಿನ ಸಂದಿಯಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ. ಅವನ ನಗು ನಿಂತಿತು. “ಯಜಮಾನ್ರೇ, ಗೋಡೆ ಪೂರ್ತಿ ಬಿಚ್ಚಬೇಕು. ನಾನು ಬರೆದಂಗೇ ಮಾಡಿದೀನಿ, ನೋಡಿ, ಇಪ್ಪತ್ತಾರು.”

ಚಿಕ್ಕವಳು ಟೇಪು ಹಿಡಿದು ಓಡಿಬಂದಳು. ಅಳೆದಳು. “ಇಪ್ಪತ್ತಾರು ಎಲ್ಲಿದೆ? ಸಂದಿ ಇಪ್ಪತ್ತೊಂದೂ ಚಿಲ್ಲರೆ ಇದೆ.”

“ಸಂದಿ ಯಾರಮ್ಮ ಅಳೀತಾರೆ? ನಡುವಿಂದ ನಡುವಿಗೆ.”

ಚಿಕ್ಕವಳ ಮುಖ ಸಣ್ಣದಾಯಿತು. ದೊಡ್ಡವಳು ಅದನ್ನು ನೋಡಿದಳು. ಅಂದುಕೊಂಡಷ್ಟು ಹೊತ್ತು ಅದು ಹಾಗೆ ನಿಲ್ಲಲಿಲ್ಲ.

“ನನಗೆ ಗೊತ್ತಿರಲಿಲ್ಲ ಮಾವ. ಅಕ್ಕ ನೋಡಿದೆ ಅಂದ್ರಲ್ಲ, ಇನ್ನು ಭಯ ಇಲ್ಲ ಅಂತ ನಾನು ಮತ್ತೆ ಕೇಳೋಕೇ ಹೋಗಲಿಲ್ಲ.” ಚುಚ್ಚಿ ಆಡಿದ ಮಾತಲ್ಲ ಅದು. ಚುಚ್ಚಿದ್ದರೆ ಉತ್ತರ ಸಿದ್ಧವಿತ್ತು.

ಎಲ್ಲರೂ ದೊಡ್ಡವಳ ಕಡೆ ತಿರುಗಿದರು. ಬಯ್ಯುತ್ತಾರೆ ಎಂದುಕೊಂಡಳು. ಆದರೆ ಮಾವನ ದನಿ ಮೆತ್ತಗಿತ್ತು. “ಹೋಗಲಿ ಬಿಡಿ. ಅವಳ ಕಣ್ಣಿಗೂ ವಯಸ್ಸಾಗಲ್ವೇ? ಎಷ್ಟು ವರ್ಷದಿಂದ ಸಣ್ಣ ಸಣ್ಣ ಅಂಕಿ ನೋಡಿದ್ದಾಳೆ. ಕನ್ನಡಕ ಮಾಡಿಸೋಣ. ಇನ್ಮೇಲೆ ಅಳತೇನೂ ಚಿಕ್ಕವಳೇ ನೋಡಿಕೊಳ್ಳಲಿ, ಇವತ್ತಿಂದ ಇವಳಿಗೂ ಗೊತ್ತಾಯ್ತಲ್ಲ.” ಅವಳ ಭುಜದ ಹತ್ತಿರಕ್ಕೆ ಕೈ ತಂದು, ಮುಟ್ಟದೆ ಹಿಂದೆಗೆದರು. “ನೀನು ಸ್ವಲ್ಪ ಆರಾಮಾಗಿರಮ್ಮ.”

“ಪಾಪ, ನನಗೂ ಸೂಜಿಗೆ ದಾರ ಪೋಣಿಸೋಕಾಗಲ್ಲ ಈಗ” ಎಂದ ವೆಲ್ಡರ್, ಸಮಾಧಾನಕ್ಕೆ.

ಪಾಪ! ಅವಳಿಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಮಗಳು ಚಿಕ್ಕಮ್ಮನ ಕಡೆ ಹೋದಳು, ನಕ್ಷೆ ಹೋಯಿತು, ಉಳಿದದ್ದು ಆ ಕಣ್ಣೊಂದೇ. ಸುಮ್ಮನಿದ್ದರೆ ಒಳ್ಳೆಯವಳಾಗಿಯೇ ಉಳಿಯಬಹುದು, ಕನ್ನಡಕ ಹಾಕಿಕೊಂಡು. ಒಪ್ಪಿಕೊಂಡರೆ ಕೆಟ್ಟವಳು, ಆದರೆ ಕುರುಡಿಯಲ್ಲ. ಯೋಚಿಸಿ ಮುಗಿಸುವ ಮೊದಲೇ ಬಾಯಿ ತೆರೆದಿತ್ತು.

“ನನಗೆ ಕಂಡಿತ್ತು, ಮಾವ.”

“ಏನು ಕಂಡಿತ್ತು?”

“ಇಪ್ಪತ್ತಾರು. ಇವಳು ಸಂದಿ ಅಂತ ಬರೆದಿದ್ದಾಳೆ, ಇವನು ನಡು ಅಂತ ಓದ್ತಾನೆ. ಹಾಳೆ ಕೈಗೆ ಬಂದ ಕೂಡಲೇ ಕಂಡಿತ್ತು. ನನ್ನ ಕಣ್ಣಿಗೆ ಏನೂ ಆಗಿಲ್ಲ.”

ವೆಲ್ಡರ್ ಗುಂಡನನ್ನು ಕಂಕುಳಲ್ಲಿ ಇಟ್ಟುಕೊಂಡು, ರಾಡ್ ತರಬೇಕು ಎಂದೇನೋ ಗೊಣಗಿ ಹೊರಗೆ ನಡೆದ. ಮಾವ ತನ್ನತ್ತ ನೋಡುತ್ತಿದ್ದ ರೀತಿಯನ್ನು ದೊಡ್ಡವಳು ಸಹಿಸಿಕೊಂಡಳು. ಕನಿಕರಕ್ಕಿಂತ ಇದು ಸಹಿಸಲು ಸುಲಭವಾಗಿತ್ತು. ಅವರೂ ಒಳಗೆ ಹೋದರು.

ಚಿಕ್ಕವಳು ಅಳಬಹುದು ಎಂದು ದೊಡ್ಡವಳು ಅಂದುಕೊಂಡಿದ್ದಳು. ಅವಳು ಅಳಲಿಲ್ಲ. ಹಾಳೆಯನ್ನು ಜಾರುಬಂಡೆಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಟೇಪನ್ನು ಅದರ ಮೇಲಿಟ್ಟಳು.

“ಯಾಕೆ ಹೇಳಲಿಲ್ಲ ಅಂತ ಕೇಳಲ್ಲ. ಅಷ್ಟು ಗೊತ್ತಾಗದೇ ಇರೋಳಲ್ಲ ನಾನು” ಎಂದಳು. ‘ಅಕ್ಕ’ ಎನ್ನಲಿಲ್ಲ. “ಇನ್ನೂ ಏನೇನು ಕಂಡಿದೆ, ಹೇಳಿ.”

ದೊಡ್ಡವಳು ಬಗ್ಗಿದಳು. ಕೊಳವೆಯ ಬಾಯಿ ಮಕ್ಕಳ ಕಣ್ಣಿನ ಎತ್ತರಕ್ಕೇ ಇದೆ, ಅಂಚು ಒಳಕ್ಕೆ ಮಡಚಬೇಕು. ಸೇತುವೆಯ ಸರಪಳಿಯಲ್ಲಿ ಬೆರಳು ಸಿಕ್ಕುತ್ತದೆ, ಮುಚ್ಚಬೇಕು. ಹೇಳಿದ್ದನ್ನೆಲ್ಲ ಚಿಕ್ಕವಳು ಗುರುತು ಹಾಕಿಕೊಂಡಳು.

“ಮುಂದಿನ ಸಲ ಮೊದಲು ನಾನೇ ನೋಡ್ಕೋತೀನಿ. ಆಮೇಲೆ ನಿಮಗೆ ತೋರಿಸ್ತೀನಿ.”

“ತೋರಿಸು.”

ಚಿಕ್ಕವಳು ಕಂಬಿಗಳ ಗೋಡೆಯನ್ನೇ ನೋಡುತ್ತ ನಿಂತಿದ್ದಳು. “ಸಂದಿ ಅಗಲ ಮಾಡಿದ್ರೆ ಸಣ್ಣ ಮಕ್ಕಳ ಕಾಲು ಮುಂದಿನ ಕಂಬಿಗೆ ಎಟುಕುತ್ತಾ? ಎಟುಕದಿದ್ರೆ ಅವರು ಬದಿಯಿಂದ, ಬೋಲ್ಟಿನ ಮೇಲೆ ಕಾಲಿಟ್ಟು ಹತ್ತುತ್ತಾರೆ. ನಾನು ನೋಡಿದ್ದೀನಿ.”

ದೊಡ್ಡವಳಿಗೆ ಅದು ಕಂಡಿರಲಿಲ್ಲ. ಒಳ್ಳೆಯ ಪ್ರಶ್ನೆ ಎಂದು ತಿಳಿದ ಕ್ಷಣವೇ ಹೊಟ್ಟೆಯಲ್ಲಿ ಮತ್ತೆ ಅದೇ ಉರಿ ಎದ್ದಿತು, ಸ್ವಲ್ಪವೂ ಕಡಿಮೆಯಾಗದೆ. ಚಿಕ್ಕವಳು ಆಗಲೇ ಹಾಳೆಯ ಅಂಚಿನಲ್ಲಿ ಕೂಡಿ ಕಳೆಯಲು ಶುರುಮಾಡಿದ್ದಳು. ದೊಡ್ಡವಳು ಇನ್ನೊಂದು ಪೆನ್ಸಿಲ್ ಹುಡುಕಿ, ಎದುರಿನ ಅಂಚಿನಲ್ಲಿ, ಅವಳಿಗಿಂತ ಮೊದಲು ಮುಗಿಸಬೇಕೆಂದು ಬೇಗಬೇಗ ಲೆಕ್ಕ ಹಾಕತೊಡಗಿದಳು.