ಕೋಟಿನ ಜೇಬಿನಲ್ಲಿ ಬಚ್ಚಿಟ್ಟ ಮಾತ್ರೆ

ನೋವಿನ ಮಾತ್ರೆ ನುಂಗಿ ನುಂಗಿ ಅದಕ್ಕೇ ಜೋತುಬಿದ್ದವರು ಯಾವ ಓಣಿಯಲ್ಲಿಲ್ಲ ಹೇಳಿ? ಇಸ್ತ್ರಿ ಅಂಗಡಿಯ ಯಜಮಾನನೂ ಅವರಲ್ಲೊಬ್ಬ. ಬಟ್ಟೆಯ ದೊಡ್ಡ ಗಂಟು ಎತ್ತುವಾಗ ಸೊಂಟ ಹಿಡಿದುಕೊಂಡಿತ್ತು. ಸ್ವಲ್ಪ ದಿನಕ್ಕೆಂದು ಡಾಕ್ಟರು ಅಫೀಮಿನ ಜಾತಿಯ ಬಲವಾದ ಮಾತ್ರೆ ಕೊಟ್ಟರು. ಸೊಂಟ ವಾಸಿಯಾಯಿತು, ಮಾತ್ರೆಯ ಚಟ ಉಳಿಯಿತು. ಒಂದಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ಕೊನೆಗೊಮ್ಮೆ ಕಾದ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ತೂಕಡಿಸಿ ಯಾರದೋ ಒಳ್ಳೇ ಅಂಗಿ ಸುಟ್ಟ.

ಹೆಂಡತಿಗೆ ರೇಗಿತು. ಗಂಡನೆಂದರೆ ಅವಳಿಗೆ ಪ್ರಾಣ; ಬೈಗುಳವೂ ಅದಕ್ಕೆ ತಕ್ಕಷ್ಟೇ. ಇದ್ದ ಮಾತ್ರೆಯನ್ನೆಲ್ಲ ಕಿತ್ತುಕೊಂಡು, ಅಂಗಡಿಯಲ್ಲಿ ಯಾರೂ ಒಯ್ಯದೆ ನೇತಾಡುತ್ತಿದ್ದ ಹಳೇ ಕೋಟಿನ ಜೇಬಿಗೆ ತುರುಕಿದಳು.

ಮರುದಿನವೇ ಶುರುವಾಯಿತು. ಮೊದಲು ಆಕಳಿಕೆ, ಮೂಗಲ್ಲಿ ಕಣ್ಣಲ್ಲಿ ನೀರು. ಆಮೇಲೆ ಬೆವರು, ಬೆವರಿನ ಬೆನ್ನಿಗೇ ಚಳಿ, ತೋಳಿನ ರೋಮವೆಲ್ಲ ನೆಟ್ಟಗೆ. ಹೊಟ್ಟೆನುಲಿತ, ವಾಂತಿ, ಭೇದಿ. ಮಲಗಿದರೆ ನಿದ್ದೆಯಿಲ್ಲ, ಕಾಲುಗಳು ತಾವಾಗಿಯೇ ಒದೆಯುತ್ತಿದ್ದವು. ಇವಳು ಜ್ವರವೆಂದುಕೊಂಡು ಕಂಬಳಿಯ ಮೇಲೆ ಕಂಬಳಿ ಹೊದಿಸಿದಳು. ಭೇದಿ ನಿಲ್ಲಲೆಂದು ಕುಡಿಯುವ ನೀರನ್ನೂ ನಿಲ್ಲಿಸಿದಳು. ಪಾಪ, ಮಾಡಿದ್ದು ಪ್ರೀತಿಯಿಂದಲೇ, ಆದರೆ ಎಲ್ಲ ಉಲ್ಟಾ.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಅವನು ಕೆಲಸಕ್ಕೆ ಕೈಹಾಕಲು ನೋಡಿದ. ಇಸ್ತ್ರಿಗೆ ಮುಂಚೆ ಜೇಬು ತಡಕುವುದು ಅವನ ರೂಢಿ. ಇಸ್ತ್ರಿಯವನಿಂದ ಬಚ್ಚಿಡಲು ಇವಳಿಗೆ ಸಿಕ್ಕಿದ್ದೂ ಜೇಬೇ ನೋಡಿ! ಆ ಹಳೇ ಕೋಟು ತೆಗೆದು ಜೇಬಿಗೆ ಕೈಹಾಕಿದ್ದೇ ಮಾತ್ರೆ ಸಿಕ್ಕಿತು. ಅವನು ನುಂಗಲಿಲ್ಲ, ತಂದು ಅವಳ ಮುಂದಿಟ್ಟ.

“ನನ್ನ ಕೈಲಿ ಆಗ್ತಿಲ್ಲ ಕಣೇ. ನೀನೇ ಕೊಡು, ಮೊದ್ಲು ತಗೋತಿದ್ದಷ್ಟು.”

ಅವನ ಒದ್ದಾಟ ಅವಳಿಂದ ನೋಡಲಾಗಲಿಲ್ಲ. ನಾಲ್ಕು ಮಾತ್ರೆ ಬಿಡಿಸಿ ಅಂಗೈಗೆ ಹಾಕಿಕೊಂಡಳು. ಅಷ್ಟರಲ್ಲಿ ತನ್ನ ಯೂನಿಫಾರ್ಮು ಒಯ್ಯಲು ಪಕ್ಕದ ಮನೆಯ ನರ್ಸಮ್ಮ ಬಂದಳು; ಇವರ ಮಾತ್ರೆಯ ಜಗಳವೆಲ್ಲ ಗೋಡೆಯಾಚೆ ಅವಳ ಕಿವಿಗೂ ಬಿದ್ದಿತ್ತು. ಅವನ ಮುಖ, ಇವಳ ಅಂಗೈ ನೋಡಿದವಳೇ ಮಾತ್ರೆಯ ಮೇಲೆ ಕೈ ಮುಚ್ಚಿದಳು.

“ಬೇಡ ಅಕ್ಕಾ. ಇಷ್ಟು ದಿನ ಬಿಟ್ಟಿದ್ದಾರೆ, ಈಗ ಹಳೇ ಅಳತೇಲಿ ಕೊಟ್ರೆ ಮೈ ತಡ್ಕೊಳಲ್ಲ. ಮಲಗಿದಲ್ಲೇ ಉಸಿರು ನಿಂತು ಹೋಗಬಹುದು.”

“ಮತ್ತೆ ಇವರು ಹೀಗೇ ನರಳ್ತಾ ಇರ್ಬೇಕಾ? ಬಿಡಿಸಿದ್ದೂ ತಪ್ಪು, ಕೊಡೋದೂ ತಪ್ಪಾ?”

“ಬಿಡಿಸಿದ್ದು ತಪ್ಪಲ್ಲ, ಡಾಕ್ಟರನ್ನ ಕೇಳದೆ ಒಂದೇ ಏಟಿಗೆ ಬಿಡಿಸಿದ್ದು ತಪ್ಪು. ಇದು ಜ್ವರ ಅಲ್ಲ, ನಾಟಕಾನೂ ಅಲ್ಲ. ಮೈ ಮಾತ್ರೆಗೆ ಒಗ್ಗಿಹೋಗಿತ್ತು, ಈಗ ಅದಿಲ್ಲದೆ ಒದ್ದಾಡ್ತಿದೆ. ಇದಕ್ಕೂ ಔಷಧಿ ಇದೆ ಅಕ್ಕಾ.”

ಇವಳಿಗೆ ನಂಬಿಕೆ ಬರಲಿಲ್ಲ, ಆದರೂ ಮಾತ್ರೆ ಕೆಳಗಿಟ್ಟಳು. ನರ್ಸಮ್ಮ ಅವನನ್ನು ಮಲಗಿಸಿ, ಕಂಬಳಿಗಳ ಬದಲು ತೆಳುವಾದ ಹೊದಿಕೆ ಹೊದಿಸಿದಳು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದಳು, ಸೆಳೆಯುವ ಕಾಲಿಗೆ ಬೆಚ್ಚನೆಯ ಶಾಖ ಕೊಟ್ಟಳು. ಆಮೇಲೆ ಮೂವರೂ ಆಸ್ಪತ್ರೆಗೆ ಹೋದರು.

ಡಾಕ್ಟರು ಗದರಲಿಲ್ಲ. ವಾಂತಿ, ಹೊಟ್ಟೆನುಲಿತ, ಬೆವರು ತಗ್ಗಿಸಲು ಔಷಧಿ ಕೊಟ್ಟರು. ಮಾತ್ರೆಯ ಸೆಳೆತ ತಗ್ಗಿಸುವ ಔಷಧಿಯನ್ನೂ ಅಳತೆ ನೋಡಿ ಶುರುಮಾಡಿದರು. ಉಳಿದ ಮಾತ್ರೆಗಳನ್ನು ತಾವೇ ತೆಗೆದಿಟ್ಟುಕೊಂಡರು. ಹೆಚ್ಚಿನವರಿಗೆ ಮೈಯ ಕಷ್ಟ ವಾರದೊಳಗೆ ಇಳಿಯುತ್ತದೆ, ನಿದ್ದೆಗೆ ಇನ್ನೂ ಸ್ವಲ್ಪ ಕಾಲ ಬೇಕು, ಚಿಕಿತ್ಸೆ ಮಾತ್ರ ನಡುವೆ ನಿಲ್ಲಿಸಬಾರದು ಎಂದರು.

ಚಿಕಿತ್ಸೆಯ ನಡುವೆ ಅವನು ಒಂದೆರಡು ಸಲ ಕೂಗಾಡಿದ, ಇವಳೂ ತಿರುಗಿ ಬೈದಳು. ಆದರೆ ಪಕ್ಕ ಬಿಟ್ಟು ಕದಲಲಿಲ್ಲ. ಮೊನ್ನೆ ಮಧ್ಯಾಹ್ನ ಅವನು ಅಂಗಡಿಯ ಬೆಂಚಿನ ಮೇಲೆ ಹಾಯಾಗಿ ನಿದ್ದೆಹೋದ. ಇವಳು ಬಗ್ಗಿ ಅವನ ಎದೆಯ ಮೇಲೆ ಕೈಯಿಟ್ಟಳು. ಉಸಿರು ಒಂದೇ ಸಮನೆ ಆಡುತ್ತಿತ್ತು. ಅವಳಿಗೆ ಅಳು ಬಂತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಹೀಯಾಳಿಸಬೇಡಿ, ಒಮ್ಮೆಲೇ ಬಿಡಿಸಲೂ ಹೋಗಬೇಡಿ. ಡಾಕ್ಟರ ಹತ್ತಿರ ಕರೆದೊಯ್ಯಿರಿ, ನೀರು ಕುಡಿಸಿ, ಜೊತೆಗಿರಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ತಕ್ಷಣ ಆಂಬುಲೆನ್ಸ್ ಕರೆಸಿ. ಬಿಟ್ಟವರು ಎಷ್ಟೇ ಅಂಗಲಾಚಿದರೂ ಹಳೆಯ ಅಳತೆಯಲ್ಲಿ ಮಾತ್ರೆ ಕೊಡಬೇಡಿ. ಕನಿಕರದಿಂದ ಕೊಟ್ಟರೂ ಅದು ಜೀವ ತೆಗೆಯಬಹುದು.