ಗಾಲಿ ನೆಲ ಬಿಟ್ಟ ದಿನ

ಆ ಎಳ್ಳಮಾವಾಸ್ಯೆಯ ಮುಂಜಾನೆ ಕೃಷ್ಣಾ ಹೊಳೆಯ ಮೇಲೆ ಮಂಜು ಇಳಿದು ಕೂತಿತ್ತು. ಗಾಳಿಯಿಲ್ಲ. ಆಚೆಯ ದಡ ಕಾಣದು, ನಡುವಿನ ಗಡ್ಡೆ ಕಾಣದು. ನನ್ನ ಮೂತಿಯ ಮುಂದೆ ನಾಲ್ಕು ಮಾರು ನೀರು ಕಂಡರೆ ಅದೇ ಹೆಚ್ಚು. ನೀರಿನೊಳಗೆ ಒಂದು ಗುರುತಿನ ಕಲ್ಲಿದೆ. ಅದರ ನೆತ್ತಿ ಕಂಡರೆ ಹೊಳೆ ದಾಟಬಹುದು, ಮುಳುಗಿದ್ದರೆ ದಾಟಬಾರದು ಎಂಬುದು ಊರಿನ ಲೆಕ್ಕ. ಆ ಮುಂಜಾನೆ ಆ ಕಲ್ಲನ್ನೂ ಮಂಜು ನುಂಗಿತ್ತು.

ಅಂದು ನಡೆದದ್ದನ್ನು ಹೇಳಬೇಕೆಂದೇ ಬಾಯಿ ತೆರೆದಿದ್ದೇನೆ. ಆದರೆ ಹೇಳುವವರು ಯಾರೆಂದು ತಿಳಿಯದೆ ಕೇಳಲು ಕೂತರೆ ಕತೆಗೆ ರುಚಿ ಹತ್ತುವುದಿಲ್ಲ. ಮೊದಲು ನನ್ನ ಹುಟ್ಟನ್ನು ಹೇಳಿಬಿಡುತ್ತೇನೆ.

ನಾನು ಒಂದು ಜೀಪು. ದೂರದ ಕಾರ್ಖಾನೆಯೊಂದರಲ್ಲಿ ಬೆಂಕಿಗೂ ಸುತ್ತಿಗೆಗೂ ಹುಟ್ಟಿದವನು. ಹುಟ್ಟಿದಾಗ ಕುಳ್ಳನೇ. ಮನುಷ್ಯ ನೆಲದಿಂದ ಒಂದು ಹೆಜ್ಜೆ ಎತ್ತಿಟ್ಟರೆ ನನ್ನೊಳಗೆ ಬಂದು ಕೂರಬಹುದಿತ್ತು. ಶಿವ ನನಗೆ ಕೊಟ್ಟ ಅಳತೆ ಅಷ್ಟು ಎಂದುಕೊಂಡು ಇದ್ದೆ.

ಮೊದಲು ಕಾಲುವೆ ಕೆಲಸದ ಸರ್ಕಾರಿ ಆಫೀಸಿಗೆ ಬಂದೆ. ಅಲ್ಲಿ ಸಾಹೇಬರು ಬದಲಾಗುತ್ತಲೇ ಇದ್ದರು. ಅವರ ಮುಖಕ್ಕಿಂತ ಬೂಟುಗಳೇ ನನಗೆ ಹೆಚ್ಚು ಪರಿಚಯ. ಒಬ್ಬರ ಬೂಟಿಗೆ ಸದಾ ಎರೆಮಣ್ಣು ಮೆತ್ತಿರುತ್ತಿತ್ತು. ಅವರು ಹೊಲಕ್ಕಿಳಿದು ರೈತರ ಮಾತು ಕೇಳುವವರು. ಇನ್ನೊಬ್ಬರ ಬೂಟು ಸಂಜೆಯ ತನಕ ಹೊಳೆಯುತ್ತಿತ್ತು. ಅವರು ನನ್ನೊಳಗೇ ಕೂತು ಬೆರಳು ತೋರಿಸುವವರು. ಇಬ್ಬರನ್ನೂ ಒಂದೇ ಸಮನೆ ಹೊತ್ತೆ. ಹೊರುವವನಿಗೆ ಆಯ್ಕೆಯಿಲ್ಲ. ಅದೊಂದು ನೆಮ್ಮದಿಯೂ ಹೌದು.

ಹಳಬನಾದ ಮೇಲೆ ನನ್ನನ್ನು ಹರಾಜಿಗಿಟ್ಟರು. ನಾಟಕದ ಕಂಪನಿಯ ಯಜಮಾನ ಕೊಂಡ. ನನ್ನ ಪಕ್ಕೆಗೆ ರಾಣಿಯ ಚಿತ್ರ ಬರೆಸಿ, ತಲೆಗೆ ಧ್ವನಿವರ್ಧಕ ಕಟ್ಟಿ ಊರೂರು ತಿರುಗಿಸಿದ. ಮಕ್ಕಳು ಹಿಂದೆ ಓಡಿಬರುತ್ತಿದ್ದರು. ಮಳೆಗೆ ರಾಣಿಯ ಒಂದು ಕಣ್ಣು ತೊಳೆದುಹೋಯಿತು. ಕಂಪನಿಯೂ ಹೆಚ್ಚು ಕಾಲ ನಿಲ್ಲಲಿಲ್ಲ. ಹೀಗೆ ಒಕ್ಕಣ್ಣಿನ ರಾಣಿಯನ್ನು ಹೊತ್ತುಕೊಂಡು ನಾನು ಬಸಲಿಂಗನ ಮನೆಯ ಮುಂದೆ ಬಂದು ನಿಂತೆ.

ಬಸಲಿಂಗನ ಊರು ಲಿಂಗಸುಗೂರು ಸೀಮೆಯಲ್ಲಿ, ಹೊಳೆಯ ದಂಡೆಯ ಮೇಲೆ. ಬೀಜ, ಗೊಬ್ಬರ, ಕುರಿ, ಸಂತೆಗೆ ಹೋಗುವ ಮಂದಿ, ಎಲ್ಲವನ್ನೂ ಅವನು ನನ್ನ ಮೇಲೆ ಹೇರುತ್ತಿದ್ದ. ನಾನು ಬಂದ ದಿನ ಅವನ ತಾಯಿ ನೀಲವ್ವ ನನ್ನ ಮೂತಿಗೆ ವಿಭೂತಿ ಬಳಿದು, ರಾಣಿಯ ಹಣೆಗೂ ಒಂದು ಬೊಟ್ಟು ಕುಂಕುಮ ಇಟ್ಟಳು.

“ಬಾ ಯಪ್ಪಾ. ಉಣ್ಣೂ ಮನಿ, ಹೆದರಬ್ಯಾಡ,” ಎಂದಳು ನನಗೆ.

ಅಷ್ಟು ಧೈರ್ಯ ಹೇಳಿದವಳಿಗೆ ಹೊಳೆಯೆಂದರೆ ಭಯ. ಅವಳ ತವರು ಹೊಳೆ ನಡುವಿನ ಗಡ್ಡೆಯ ಮೇಲಿದೆ. ಅಣ್ಣ ಅಮರಪ್ಪ ಅಲ್ಲಿ ಜೋಳ, ಕಡಲೆ ಬೆಳೆದುಕೊಂಡು ಇದ್ದ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಡೆಯಿಟ್ಟು, ಅದರಲ್ಲಿ ಒಂದಿಷ್ಟನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ ಊಟ ಮಾಡುವುದು ಈ ಸೀಮೆಯ ಪದ್ಧತಿ. ನೀಲವ್ವನೂ ಅವಳ ತಂಗಿ ಕಲ್ಲವ್ವನೂ ಪ್ರತಿ ವರ್ಷ ಅಣ್ಣನ ಹೊಲಕ್ಕೆ ಹೋಗುತ್ತಿದ್ದರು. ಒಂದು ವರ್ಷ ತಿರುಗಿ ಬರುವಾಗ ಸುಳಿಗಾಳಿಗೆ ಹರಿಗೋಲು ಮಗುಚಿತು. ಅಂಬಿಗರ ಯಂಕೋಬ ನೀಲವ್ವನನ್ನು ಎಳೆದು ದಡಕ್ಕೆ ಹಾಕಿ, ಮತ್ತೆ ಮತ್ತೆ ಮುಳುಗಿ ಹುಡುಕಿದ. ಕಲ್ಲವ್ವ ಸಿಗಲಿಲ್ಲ.

ಯಂಕೋಬನ ಮೇಲೆ ನೀಲವ್ವ ಸಿಟ್ಟಾಗಲಿಲ್ಲ. ಹೊಳೆಯ ತಾಯಿ ಗಂಗವ್ವನನ್ನೂ ಬೈಯಲಿಲ್ಲ. “ಇನ್ನ ನೀರಿನ ಮ್ಯಾಲೆ ಕುಂದ್ರೂದಿಲ್ಲ. ನನ್ನ ಕೆಳಗ ನೆಲ ಇರಬೇಕು,” ಎಂದಳು, ಅಷ್ಟೇ. ಕೆಳಗೆ ಬ್ಯಾರೇಜು ಕಟ್ಟಿದ ಮೇಲೆ ಆ ಹೊಳೆ ಬತ್ತುವುದೇ ಇಲ್ಲ. ಹಾಗಾಗಿ ವರ್ಷಗಳು ಕಳೆದರೂ ಅವಳು ತವರಿನ ಮುಖ ನೋಡಲಿಲ್ಲ. ಮೊದಮೊದಲು ಅಮರಪ್ಪನೇ ಈಚೆ ಬಂದು ಮಾತಾಡಿಸಿ ಹೋಗುತ್ತಿದ್ದ. ಆಮೇಲೆ ಅವನ ಕಾಲುಗಳ ಬಲ ಬಿದ್ದುಹೋಯಿತು.

ಆ ವರ್ಷ ಸುಗ್ಗಿಗೆ ಮುಂಚೆ ಯಂಕೋಬ ಬಂದು ಕಟ್ಟೆಯ ಮೇಲೆ ಕೂತ. ನೀಲವ್ವ ಕಡಲೆ ಹಸನು ಮಾಡುತ್ತಿದ್ದಳು.

“ಅಮರಪ್ಪಣ್ಣ ಹೇಳಿ ಕಳಿಸ್ಯಾನಬೇ. ಈ ಸಲ ಮಂಚದ ಮ್ಯಾಲೆ ಹೊತ್ಕೊಂಡು ಹೊಲಕ್ಕ ಒಯ್ತಾರಂತ. ಮುಂದಿನ ಚರಗ ನಾ ಕಾಣೂದಿಲ್ಲ, ತಂಗಿ ಬಂದ್ರ ಚಲೋ ಅಂದ.”

“ಹೊಳಿ ಬತ್ತಲಿ, ಬರ್ತೀನಿ ಅನ್ನು.”

“ಹೊಳಿಗೇನು ಅವಸರ ಐತಿ? ಅವನಿಗೈತಿ.”

ನೀಲವ್ವ ಮೊರಕ್ಕೆ ಬಾಗಿದಳು. ಮೊರದಲ್ಲಿದ್ದ ಕಲ್ಲು ಕಡಲೆ ಎರಡೂ ಒಂದೇ ಎಂಬಂತೆ ಆರಿಸುತ್ತ ಕೂತಳು. ಬಸಲಿಂಗ ನನ್ನ ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳಿದ.

ಹೊಳೆಯಲ್ಲಿ ಹಿಂದೆ ಎತ್ತಿನ ಗಾಡಿ ದಾಟುತ್ತಿದ್ದ ಒಂದು ಕಲ್ಲುದಾರಿಯಿದೆ. ಈಗ ಅದರ ಮೇಲೆ ಸೊಂಟದ ತನಕ ನೀರು. ಬಸಲಿಂಗ ಮರುದಿನವೇ ನನ್ನನ್ನು ಅದಕ್ಕೆ ಇಳಿಸಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ನಿಗೆ ನೀರು ನುಗ್ಗಿ ನಾನು ಕೆಮ್ಮಿ ನಿಂತೆ. ಎತ್ತು ಕಟ್ಟಿ ಹಿಂದಕ್ಕೆಳೆದರು. ಆಗಲೇ ಅವನ ತಲೆಗೆ ಬಂತು: ನನ್ನನ್ನು ಎತ್ತರ ಮಾಡಬೇಕು.

ಲಿಂಗಸುಗೂರಿನ ದಸ್ತಗೀರನ ಗ್ಯಾರೇಜಿಗೆ ಹೋದೆವು. ದಸ್ತಗೀರ ನನ್ನ ಸುತ್ತ ಒಂದು ಸುತ್ತು ಬಂದ.

“ಎಷ್ಟು ಎತ್ತರ ಬೇಕಲೇ ತಮ್ಮಾ?”

“ಸೊಂಟದಷ್ಟು ನೀರಾಗ ಉಸಿರಾಡಬೇಕು ಇದು.”

“ಜೀಪು ತಂದು ಒಂಟಿ ಮಾಡಿಕೊಡು ಅಂತೀಯಲ್ಲೋ.”

“ಒಂಟಿನಾದ್ರೂ ಆಗ್ಲಿ, ಅವ್ವನ್ನ ದಾಟಿಸ್ಲಿ.”

ದಸ್ತಗೀರ ನಗುವುದನ್ನು ಬಿಟ್ಟ. “ಅವ್ವಗಂತ ಮೊದಲ ಹೇಳಬಾರದೇನು?” ಎಂದು ತೋಳು ಮೇಲೇರಿಸಿದ.

ನನ್ನ ಭಾರವನ್ನೆಲ್ಲ ಹೊರುತ್ತಿದ್ದ ಕಮಾನು ಪಟ್ಟಿಗಳು ಅದುವರೆಗೆ ಗಾಲಿಯ ಅಚ್ಚಿನ ಕೆಳಗಿದ್ದವು. ಅವನ್ನು ಬಿಚ್ಚಿ ಅಚ್ಚಿನ ಮೇಲೆ ಕೂರಿಸಿದ. ಪಟ್ಟಿಯ ಮೇಲೆ ಪಟ್ಟಿ ಸೇರಿಸಿದ. ಬ್ರೇಕಿನ ಕೊಳವೆ ಉದ್ದ ಮಾಡಿದ. ಹೊಗೆಯ ಕೊಳವೆಯನ್ನು ಬಾಗಿಸಿ ನನ್ನ ತಲೆಯ ಮಟ್ಟಕ್ಕೆ ತಂದ. ಕೊನೆಗೆ ಹಳೆಯ ಸಣ್ಣ ಟೈರುಗಳನ್ನು ತೆಗೆದು, ಎಮ್ಮೆಯ ಹೊಟ್ಟೆಯಂತೆ ಉಬ್ಬಿದ, ಅಂಗೈಯಗಲದ ಹಲ್ಲುಗಳಿದ್ದ ದೊಡ್ಡ ಟೈರು ತೊಡಿಸಿದ. ಜ್ಯಾಕ್ ಇಳಿಸಿದಾಗ ನಾನು ಕೆಳಗೆ ನೋಡಿದೆ. ನೆಲ ದೂರವಾಗಿತ್ತು.

ಎತ್ತರದಿಂದ ಬಂದದ್ದೆಲ್ಲ ಸುಖವಲ್ಲ. ತಿರುವಿನಲ್ಲಿ ಮೈ ವಾಲುತ್ತಿತ್ತು. ಡಾಂಬರಿನ ಮೇಲೆ ಟೈರುಗಳು ಜೇನುಹುಳದ ಹಾಗೆ ಗುಂಯ್‌ಗುಡುತ್ತಿದ್ದವು. ಸ್ಟೀರಿಂಗು ತಿರುಗಿಸಿ ತಿರುಗಿಸಿ ಬಸಲಿಂಗನ ರಟ್ಟೆ ನೋಯುತ್ತಿತ್ತು. ಆದರೂ ಬೇಲಿಯಾಚೆಯ ಹೊಲ, ಗೋಡೆಯಾಚೆಯ ಅಂಗಳ ಕಾಣುವಾಗ ಒಳಗೊಳಗೇ ಒಂದು ಜಂಬ ಬಂದದ್ದು ಸುಳ್ಳಲ್ಲ.

ಮನೆಗೆ ಬಂದಾಗ ನೀಲವ್ವನ ಗಂಡ ಹೊರಗೆ ಬಂದು ತಲೆಯೆತ್ತಿ ನೋಡಿದ. “ಹೊಳಿ ದಾಟೂದು ಹಿಂದಾಗಡೆ. ಮೊದಲ ನಿಮ್ಮವ್ವನ್ನ ಇದಕ್ಕ ಹೆಂಗ ಏರಸ್ತೀ ಹೇಳು. ನಿಚ್ಚಣಿಕಿ ತರಲೇನು?”

ಅದು ನಿಜವೇ. ನೀಲವ್ವನ ಕಾಲು ನನ್ನ ಅಂಚಿಗೆ ಎಟುಕಲಿಲ್ಲ. ಜೋಳದ ಚೀಲವಿಟ್ಟು, ಅದರ ಮೇಲೆ ಹತ್ತಿಸಿ ನೋಡಿದರು. ಮೇಲೆ ಕೂತವಳು ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು, “ಹೊಳ್ಯಾಗ ಇದು ತೇಲತೈತೇನು?”

“ಇಲ್ಲಬೇ. ಗಾಲಿ ನೆಲದ ಮ್ಯಾಲೇ ಇರ್ತಾವ. ಗಾಲಿ ನೆಲ ಬಿಡೂದಿಲ್ಲ.”

“ನೆಲ ಬಿಡೂದಿಲ್ಲಂದ್ರ ಬರ್ತೀನಿ,” ಎಂದಳು.

ಬಸಲಿಂಗ ಒಮ್ಮೆ ಒಬ್ಬನೇ ದಾಟಿ ನೋಡಿದ. ನಾನು ಗಟ್ಟಿಯಾಗಿ ಕಲ್ಲುದಾರಿ ಹಿಡಿದು ಗಡ್ಡೆ ಮುಟ್ಟಿ ಬಂದೆ. ಒಂದೇ ತೊಡಕೆಂದರೆ ನನ್ನ ತಳದ ತೂತುಗಳಿಂದ ನೀರು ಒಳಗೆ ಬಂದು ಅವನ ಮೊಣಕಾಲು ತೊಯ್ದಿತ್ತು. ಅವ್ವನ ಕಾಲು ತೊಯ್ಯಬಾರದು, ಎಡೆಯ ಬುಟ್ಟಿ ತೊಯ್ಯಬಾರದು ಎಂದು ಅವನು ಹಬ್ಬದ ಹಿಂದಿನ ದಿನ ಕೂತು, ಹಳೆಯ ಟ್ಯೂಬು ಕತ್ತರಿಸಿ, ಡಾಂಬರು ಮೆತ್ತಿ, ಒಂದೊಂದೇ ತೂತು ಮುಚ್ಚಿದ. ಮೇಲೆ ಜಮಖಾನೆ ಹಾಸಿದ. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ.

ಈಗ ಆ ಮುಂಜಾನೆಗೆ ಬರುತ್ತೇನೆ. ಸಜ್ಜೆಯ ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ತುಂಬಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೀಲವ್ವ ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಮಾತ್ರ ಶಿವಶಿವ ಎನ್ನುತ್ತಿತ್ತು. ಮೇಲಿನ ಅಣೆಕಟ್ಟಿನಿಂದ ಇರುಳೆಲ್ಲ ಸ್ವಲ್ಪ ನೀರು ಬಿಟ್ಟಿದ್ದರು. ಮಂಜಿನಲ್ಲಿ ಅದು ನಮಗೆ ತಿಳಿಯಲಿಲ್ಲ. ಬಸಲಿಂಗ ನನ್ನನ್ನು ನಿಧಾನವಾಗಿ ಇಳಿಸಿದ. ಮುಂದಿನ ಗಾಲಿಗೆ ಕಲ್ಲು ಸಿಕ್ಕಿತು, ಹಿಂದಿನ ಗಾಲಿಗೆ ಕಲ್ಲು ಸಿಕ್ಕಿತು. ಅರ್ಧ ದಾರಿ ಹೀಗೇ ನಡೆದೆ.

ಆಮೇಲೆ ನನ್ನ ಹಿಂಭಾಗ ಹಗುರಾಯಿತು. ಗಾಲಿ ತಿರುಗುತ್ತಿದೆ, ಕಲ್ಲು ಸಿಗುತ್ತಿಲ್ಲ. ಗಾಳಿ ತುಂಬಿದ ಆ ದೊಡ್ಡ ಟೈರುಗಳು, ಹನಿ ನೀರೂ ಒಳಗೆ ಬಾರದಂತೆ ಮುಚ್ಚಿದ ತಳ. ಹೊಳೆಯು ನನ್ನನ್ನು ಮಗುವಿನಂತೆ ಎತ್ತಿಕೊಂಡಿತು. ನನ್ನ ಮೂತಿ ಮೆಲ್ಲಗೆ ಮಡುವಿನ ಕಡೆಗೆ ತಿರುಗತೊಡಗಿತು.

ಎಲ್ಲರಿಗಿಂತ ಮೊದಲು ಅದನ್ನು ತಿಳಿದವಳು ನೀಲವ್ವ. ಕಣ್ಣು ತೆರೆಯದೆ ಹೇಳಿದಳು, “ಬಸಲಿಂಗಾ, ಇದು ತೇಲಾಕ ಹತ್ತೈತಿ.”

“ಇಲ್ಲಬೇ.”

“ನನಗ ಗೊತ್ತೈತಿ ಅದು ಹೆಂಗಿರ್ತೈತಿ ಅಂತ.”

ಬಸಲಿಂಗ ಕೂಗು ಹಾಕಿದ. ಗಡ್ಡೆಯ ಕಡೆಯಿಂದ ಬರಿ ಹರಿಗೋಲು ತರುತ್ತಿದ್ದ ಯಂಕೋಬ ಕೂಗು ಕೇಳಿದ ದಿಕ್ಕಿಗೆ ಹುಟ್ಟು ಹಾಕಿಕೊಂಡು ಬಂದ. ನನ್ನ ಮೂತಿಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ನೀರಿನಿಂದೆದ್ದ ಬಂಡೆಗೆ ಸುತ್ತಿದ. ನಾನು ನಿಂತೆ, ನಿಂತೆನೆಂದರೆ, ತೂಗಾಡುತ್ತ ಉಳಿದೆ.

“ಏನ್ ಬಸಲಿಂಗಪ್ಪಾ, ಗಾಲಿ ಇರೂ ಹರಿಗೋಲು ಮಾಡಿಸೀಯಲ್ಲ. ನನ್ನ ಹೊಟ್ಟಿ ಮ್ಯಾಲೆ ಕಲ್ಲು ಹಾಕಬೇಕಂತೇನು?”

ಬಸಲಿಂಗನಿಗೆ ನಗಲಾಗಲಿಲ್ಲ. ತಳದ ತೂತುಗಳಿಗೆ ಮೆತ್ತಿದ ಮುಚ್ಚಳ ಕಿತ್ತರೆ ನೀರು ಒಳಗೆ ಬಂದು ನಾನು ಭಾರವಾಗುತ್ತೇನೆ, ಗಾಲಿಗಳು ಮತ್ತೆ ನೆಲ ಮುಟ್ಟುತ್ತವೆ. ಅದು ಅವನಿಗೆ ಹೊಳೆಯಿತು. ಆದರೆ ಅವ್ವ ಎದೆಯ ತನಕ ತಣ್ಣೀರಿನಲ್ಲಿ ಕೂರಬೇಕಾಗುತ್ತಿತ್ತು. ಯಂಕೋಬ ಹರಿಗೋಲನ್ನು ನನ್ನ ಪಕ್ಕೆಗೆ ಒತ್ತಿ ಹಿಡಿದ. ಬಾ ಎನ್ನಲಿಲ್ಲ. ಅವಳ ಕಡೆ ನೋಡಲೂ ಇಲ್ಲ.

“ತಪ್ಪಾತಬೇ. ಗಾಲಿ ನೆಲ ಬಿಡೂದಿಲ್ಲ ಅಂದಿದ್ದೆ,” ಎಂದ ಬಸಲಿಂಗ.

ನೀಲವ್ವ ಕಣ್ಣು ತೆರೆದಳು. ಮಂಜು, ನೀರು, ಮಗನ ಮುಖ, ಕೆಳಗೆ ಹರಿಗೋಲು. ಒಂದೊಂದನ್ನೇ ನೋಡಿದಳು.

“ನಿಂದೇನು ತಪ್ಪು? ಗಾಲಿನೂ ನೆಲ ಬಿಟ್ಟ ಮ್ಯಾಲೆ ಎಲ್ಲಿ ಕುಂತ್ರ ಏನು,” ಎಂದಳು. “ಯಂಕೋಬಾ, ಮೊದಲ ಬುಟ್ಟಿ ಹಿಡಿ. ಕಡುಬು ತೊಯ್ದೀತು.”

ಬುಟ್ಟಿ ಇಳಿಯಿತು. ನನ್ನ ಎತ್ತರದ ಅಂಚಿನಿಂದ ಅವಳ ಒಂದು ಕಾಲು ಇಳಿಯಿತು, ಇನ್ನೊಂದು ಕಾಲು ಇಳಿಯಿತು. ಹರಿಗೋಲು ಒಮ್ಮೆ ವಾಲಿತು. ಅವಳು ಅದರ ಅಂಚು ಹಿಡಿದು ಕೂತಳು. ಯಂಕೋಬ ಹುಟ್ಟು ಹಾಕಿದ. ಮಂಜಿನೊಳಗೆ ಅವಳ ಬೆನ್ನು ಮರೆಯಾಗುವ ತನಕ ನಾನೂ ಬಸಲಿಂಗನೂ ನೋಡುತ್ತಲೇ ಇದ್ದೆವು. ಆಮೇಲೆ ಅವನು ಮುಚ್ಚಳ ಕಿತ್ತ. ನೀರು ತುಂಬಿತು. ನಾನು ಇಳಿದಿಳಿದು ಕಲ್ಲು ಮುಟ್ಟಿದೆ.

ಗಡ್ಡೆಯ ಮಂದಿ ಎತ್ತು ಹೂಡಿ ನನ್ನನ್ನು ಎಳೆದು ಅಮರಪ್ಪನ ಹೊಲದ ಬದುವಿಗೆ ತಂದು ನಿಲ್ಲಿಸಿದರು. ಅಂದಿನಿಂದ ಇಂದಿನ ತನಕ ನಾನು ಅಲ್ಲೇ ಇದ್ದೇನೆ. ಎಂಜಿನ್ನು ಮತ್ತೆ ಏಳಲಿಲ್ಲ. ಏಳಿಸುವ ಹಟ ಬಸಲಿಂಗನಿಗೂ ಉಳಿದಿರಲಿಲ್ಲ. ಟೈರುಗಳ ಗಾಳಿ ಇಳಿದು, ರಬ್ಬರು ಸೀಳಿ, ನಾನು ವರ್ಷಕ್ಕಿಷ್ಟು ಮಣ್ಣಿಗೆ ಹತ್ತಿರವಾಗುತ್ತಿದ್ದೇನೆ. ಒಳಗೆ ಕೋಳಿ ಮೊಟ್ಟೆಯಿಡುತ್ತದೆ. ಎಂದಾದರೊಂದು ದಿನ ಹುಲ್ಲಿನ ಸಮಕ್ಕೆ ಬರುತ್ತೇನೆ. ಅದರ ಬಗ್ಗೆ ದುಃಖವಿಲ್ಲ. ನನ್ನನ್ನು ಎತ್ತರ ಮಾಡಿದ್ದು ಒಬ್ಬಳನ್ನು ಅವಳ ಭಯದ ಆಚೆ ಒಯ್ಯಲು. ಅರ್ಧ ದಾರಿ ನಾನು ಒಯ್ದೆ, ಉಳಿದರ್ಧ ಅವಳೇ ಹೋದಳು. ಒಯ್ಯುವವರ ಕೆಲಸ ಅಷ್ಟೇ ಇರಬಹುದೆಂದು ಈಗ ತೋರುತ್ತದೆ. ಪೂರ್ತಿ ಒಯ್ದೆನೆಂದುಕೊಂಡಿದ್ದ ಸವಾರಿಗಳಲ್ಲಿಯೂ ಹಾಗೇ ಇದ್ದಿರಬೇಕು, ನಾನು ಗಮನಿಸಿರಲಿಲ್ಲ.

ಆ ದಿನದ್ದು ಇನ್ನೊಂದು ಮಾತು ಉಳಿದಿದೆ.

ಮಂಜು ಹರಿದು ಬಿಸಿಲು ಬಿದ್ದಿತ್ತು. ಹೊಲದ ತುಂಬ ಚರಗ ಚೆಲ್ಲಿ, ಎಲ್ಲರೂ ಉಂಡರು. ಅಮರಪ್ಪನ ಮಂಚವನ್ನು ನನ್ನ ನೆರಳಿನಲ್ಲಿ ಇಟ್ಟಿದ್ದರು. ಅಣ್ಣ ತಂಗಿ ಹೆಚ್ಚು ಮಾತಾಡಿರಲಿಲ್ಲ. “ಸೊರಗೀಯಲ್ಲೋ,” ಎಂದಿದ್ದಳು ಅವಳು. “ನೀನೇನು ಗುಂಡಗ ಇದ್ದೀಯೇನು?” ಎಂದಿದ್ದ ಅವನು. ಮಂದಿ ಕೈ ತೊಳೆಯಲು ಹೊಳೆಯ ಕಡೆ ಹೋದಾಗ ಅಮರಪ್ಪ ತಲೆದಿಂಬಿನ ಕೆಳಗಿನಿಂದ ಒಂದು ಗಂಟು ತೆಗೆದು ಬಿಚ್ಚಿದ.

ಒಳಗೆ ಕುಬಸದ ಖಣಗಳು. ತವರಿಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವಂತಿಲ್ಲ. ಅವಳು ಬಾರದ ಪ್ರತಿ ವರ್ಷವೂ ಅವನು ಅವಳ ಖಣ ತರಿಸಿ ಇಟ್ಟಿದ್ದ. ಅಡಿಯವು ಮಡಿಕೆಯ ಗೆರೆಯಲ್ಲಿ ಬಣ್ಣ ಬಿಟ್ಟಿದ್ದವು. ಮೇಲಿನವು ಹೊಸವು. ನೀಲವ್ವ ನೋಡಿದಳು: ಎಲ್ಲವೂ ಜೋಡಿ ಜೋಡಿ.

“ಕಲ್ಲವ್ವಗೂ ತರಿಸೀಯಲ್ಲೋ ಅಣ್ಣಾ.”

“ಬಾಕಿ ಇಬ್ಬರದೂ ಇತ್ತು,” ಎಂದ ಅವನು.

ಅವಳು ಮಂಚದ ಪಕ್ಕ ಮಂಡಿಯೂರಿ ಸೆರಗೊಡ್ಡಿದಳು. ಅವನು ಒಂದೊಂದೇ ಖಣ ಎತ್ತಿ, ಮೊದಲು ಒಬ್ಬಳದು, ಆಮೇಲೆ ಇನ್ನೊಬ್ಬಳದು, ಅವಳ ಉಡಿಯಲ್ಲಿ ಇಡುತ್ತ ಹೋದ.